ಮುಂದಿನ ಜ್ವರಕ್ಕೆ ಮೊದಲು: ಒಂದು ಹಳ್ಳಿ ಸಾಂಕ್ರಾಮಿಕ ರೋಗಕ್ಕೆ ಸಿದ್ಧವಾಗುವ ಬಗೆ

ಪ್ಲೇಗಿನ ಕಾಲದಲ್ಲಿ ಜನ ಊರಿಗೆ ಊರೇ ಖಾಲಿ ಮಾಡಿ, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಉಳಿಯುತ್ತಿದ್ದರೆಂದು ನನ್ನ ಅಜ್ಜಿ ಹೇಳುತ್ತಿದ್ದಳು. ಅದಕ್ಕೆ ಯಾರ ಆದೇಶವೂ ಬೇಕಾಗುತ್ತಿರಲಿಲ್ಲ. ಮಾಳಿಗೆಯ ಜಂತಿಯಿಂದ ಇಲಿಯೊಂದು ಕೆಳಗೆ ಬಿದ್ದು ಸತ್ತರೆ, ಆ ಮನೆಯವರು ಅಂದೇ ಓಣಿಗೆ ಸುದ್ದಿ ಮುಟ್ಟಿಸುತ್ತಿದ್ದರು. ಓಣಿಯವರು ಗಂಟುಮೂಟೆ ಕಟ್ಟುತ್ತಿದ್ದರು. ಇಲಿ ಸತ್ತ ಮೇಲೆ ಅದರ ಮೈಮೇಲಿನ ಚಿಗಟಗಳು ಮನುಷ್ಯರ ಮೇಲೆ ಹತ್ತುತ್ತವೆ ಎಂಬ ವಿಜ್ಞಾನ ಅವರಿಗೆ ತಿಳಿದಿರಲಿಲ್ಲ. ಆದರೆ ಸುಳಿವು ಕಂಡವನು ಅದನ್ನು ಮುಚ್ಚಿಡಬಾರದು, ಕೇಳಿದವನು ತಡಮಾಡಬಾರದು ಎಂಬುದು ಗೊತ್ತಿತ್ತು.

ಅದೇ ಪ್ಲೇಗಿನ ಇನ್ನೊಂದು ಮುಖವೂ ಇದೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ರೋಗ ಪುಣೆಗೆ ಹಬ್ಬಿದಾಗ, ಸರಕಾರ 1897ರಲ್ಲಿ ಸೈನಿಕರನ್ನು ಮನೆಮನೆಗೆ ನುಗ್ಗಿಸಿ ರೋಗಿಗಳನ್ನು ಹುಡುಕಿಸಿ ಎಳೆದೊಯ್ಯಿಸಿತು. ಜನ ರೋಗಿಗಳನ್ನು ಬಚ್ಚಿಡಲು ಆರಂಭಿಸಿದರು. ಆ ಜೂನ್ ತಿಂಗಳಲ್ಲಿ ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರಾಂಡ್‌ಗೆ ಗುಂಡು ಹೊಡೆದರು, ಜುಲೈ ಆರಂಭದಲ್ಲಿ ಅವನು ಸತ್ತ; ಪ್ಲೇಗು ಮಾತ್ರ ನಿಲ್ಲಲಿಲ್ಲ. ಅದು ರೈಲಿನ ದಾರಿ ಹಿಡಿದು ಹುಬ್ಬಳ್ಳಿ, ಧಾರವಾಡಗಳನ್ನು ದಾಟಿ 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು.

ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯೊಳಗೆ ಇದ್ದಾಗ ಆರೋಗ್ಯ ಇಲಾಖೆಯ ಕ್ಷೇತ್ರ ಸಿಬ್ಬಂದಿಯಾಗಿ ಸೇರಿದ ನಾನು, ಕೋವಿಡ್ಡಿನ ಎರಡನೆಯ ಅಲೆ ಇಳಿದ ಮೇಲೆ ನಿವೃತ್ತನಾದೆ. ಮಲೇರಿಯಾ, ಕಾಲರಾ, 2006ರಲ್ಲಿ ಮನೆಮಂದಿಯನ್ನೆಲ್ಲ ಹಾಸಿಗೆ ಹಿಡಿಸಿದ ಚಿಕುನ್‌ಗುನ್ಯಾ, 2009ರ ಹಂದಿಜ್ವರದ ಭಯ, ಆಮೇಲೆ ಕೋವಿಡ್ ಎಲ್ಲವನ್ನೂ ಹಳ್ಳಿಯ ಓಣಿಗಳಲ್ಲಿ ನಿಂತು ನೋಡಿದ್ದೇನೆ. ಅಷ್ಟರಿಂದ ನನಗೆ ದಕ್ಕಿದ ತಿಳಿವಳಿಕೆ ಒಂದೇ: ‘ನಮ್ಮ ಮನೆಯಲ್ಲಿ ಜ್ವರ ಇದೆ’ ಎಂದು ಬಾಯಿಬಿಟ್ಟು ಹೇಳಿದವರಿಗೆ ನಷ್ಟವಾಗದಂತೆ ನೋಡಿಕೊಂಡ ಊರಿನಲ್ಲಿ ರೋಗ ಬೇಗ ಸಿಕ್ಕಿಬೀಳುತ್ತದೆ. ಕೆಳಗಿನ ಹೆಜ್ಜೆಗಳೆಲ್ಲ ಆ ತಿಳಿವಳಿಕೆಯ ಮೇಲೆ ನಿಂತಿವೆ. ಸುಮಾರು ನಾನೂರು ಮನೆ, ಎರಡು ಸಾವಿರ ಜನ ಇರುವ ಹಳ್ಳಿಯನ್ನು ಲೆಕ್ಕಕ್ಕೆ ಇಟ್ಟುಕೊಂಡಿದ್ದೇನೆ. ರೋಗ ಇಲ್ಲದಿರುವಾಗಲೇ, ಅಂದರೆ ಈಗಲೇ, ಆರಂಭಿಸಬೇಕಾದ ಕೆಲಸವಿದು.

ಮೊದಲನೆಯ ಹೆಜ್ಜೆ: ಸುಳಿವು ಮೊದಲು ಯಾರಿಗೆ ಸಿಗುತ್ತದೆ ಎಂದು ಬರೆದುಕೊಳ್ಳಿ

ಇನ್ನೂರು ಪುಟದ ಒಂದು ವಹಿ ತನ್ನಿ. ಮೊದಲ ಪುಟದಲ್ಲಿ, ಊರಿನಲ್ಲಿ ಕಾಯಿಲೆಯ ಸುದ್ದಿ ಮೊದಲು ಯಾರ ಕಿವಿಗೆ ಬೀಳುತ್ತದೆಯೋ ಅವರ ಹೆಸರುಗಳನ್ನು ಬರೆಯಿರಿ. ಆಶಾ ಕಾರ್ಯಕರ್ತೆ, ಅಂಗನವಾಡಿ ಶಿಕ್ಷಕಿ ಮತ್ತು ಉಪಕೇಂದ್ರದ ಸಿಸ್ಟರ್ ಹೇಗೂ ಇರುತ್ತಾರೆ. ಆದರೆ ಅವರಿಗಿಂತ ಎರಡು ಮೂರು ದಿನ ಮೊದಲೇ ತಿಳಿಯುವವರು ಬೇರೆ ಇದ್ದಾರೆ: ಜ್ವರದ ಗುಳಿಗೆ ಮಾರುವ ಮೆಡಿಕಲ್ ಅಂಗಡಿಯವರು, ಸೂಜಿ ಹಾಕುವ ಹಳ್ಳಿ ವೈದ್ಯರು, ಹಾಜರಿ ಕರೆಯುವ ಶಾಲೆಯ ಮೇಷ್ಟ್ರು, ಕೂಲಿಯಾಳುಗಳನ್ನು ಟಂಟಂನಲ್ಲಿ ತುಂಬಿಕೊಂಡು ಹೋಗುವ ಮೇಸ್ತ್ರಿ, ಕುರಿಗಾಹಿಗಳು, ಕೋಳಿ ಫಾರ್ಮಿನ ಆಳುಗಳು. ಇವರಲ್ಲಿ ಪ್ರತಿಯೊಬ್ಬರ ಬಳಿಗೂ ಹೋಗಿ ಕುಳಿತು, ‘ಇಂಥದ್ದು ಕಂಡರೆ ನನಗೊಂದು ಫೋನ್ ಮಾಡಿ’ ಎಂದು ಕೇಳಿಕೊಳ್ಳಬೇಕು. ಸಭೆಗೆ ಕರೆದು ಹೇಳಿದರೆ ಆಗುವ ಕೆಲಸವಲ್ಲ ಇದು. ಅವರ ಅಂಗಡಿ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತ ಹೇಳಬೇಕು.

‘ಇಂಥದ್ದು’ ಎಂದರೆ ಏನೆಂಬುದನ್ನು ಎರಡನೆಯ ಪುಟದಲ್ಲಿ ಬರೆದಿಡಿ. ಒಂದೇ ಓಣಿಯಲ್ಲಿ ಒಂದು ವಾರದೊಳಗೆ ಐದು ಜನಕ್ಕೆ ಒಂದೇ ಬಗೆಯ ಕಾಯಿಲೆ. ಒಂದೇ ಮನೆಯಲ್ಲಿ ಎರಡನೆಯವರಿಗೂ ತೀವ್ರ ಜ್ವರ ಬಂದು ಉಸಿರಾಟ ಕೆಡುವುದು ಅಥವಾ ಪ್ರಜ್ಞೆ ತಪ್ಪುವುದು. ಗಟ್ಟಿಮುಟ್ಟಾದ ಹರೆಯದವರು ಎರಡು ಮೂರು ದಿನದ ಜ್ವರಕ್ಕೆ ಸಾಯುವುದು. ಕಾರಣ ತಿಳಿಯದೆ ಕೋಳಿ, ಕಾಗೆ, ಬಾವಲಿ, ಕುರಿಗಳು ಗುಂಪಾಗಿ ಸಾಯುವುದು. ಇವುಗಳಲ್ಲಿ ಯಾವುದೊಂದು ಕಂಡರೂ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಖಚಿತವಾಗಲಿ ಎಂದು ಕಾಯಬಾರದು. ಖಚಿತಪಡಿಸುವುದು ಪ್ರಯೋಗಾಲಯದ ಕೆಲಸ. ಆರೋಗ್ಯ ಕೇಂದ್ರದ ಫೋನ್ ಸಿಗದಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಬಹುದು.

ಒಂದೇ ಮನೆಯ ಎರಡನೆಯ ರೋಗಿ ಎಷ್ಟು ದೊಡ್ಡ ಸುಳಿವು ಎಂಬುದನ್ನು ಕೇರಳದ ಕೋಯಿಕ್ಕೋಡು 2018ರ ಮೇ ತಿಂಗಳಲ್ಲಿ ತೋರಿಸಿಕೊಟ್ಟಿತು. ಮೊದಲನೆಯವನು ತೀರಿಕೊಂಡಾಗ ಕಾರಣ ಯಾರಿಗೂ ಹೊಳೆದಿರಲಿಲ್ಲ. ಅದೇ ಮನೆಯ ಇನ್ನೊಬ್ಬರು ಅಂಥದ್ದೇ ಲಕ್ಷಣಗಳೊಂದಿಗೆ ಬಂದಾಗ ವೈದ್ಯರಿಗೆ ಅನುಮಾನ ಬಂತು. ಮಾದರಿಗಳು ಮಣಿಪಾಲ, ಪುಣೆಗಳ ಪ್ರಯೋಗಾಲಯಗಳಿಗೆ ಹೋದವು. ಅದು ನಿಫಾ ವೈರಾಣು ಎಂದು ಗೊತ್ತಾಯಿತು. 17 ಜನ ಸತ್ತರು. ಆದರೆ ರೋಗಿಗಳ ಸಂಪರ್ಕಕ್ಕೆ ಬಂದಿದ್ದ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಹುಡುಕಿ ಕಣ್ಣಿಟ್ಟಿದ್ದರಿಂದ ಆ ರೋಗ ಕೆಲವೇ ವಾರಗಳಲ್ಲಿ ನಿಂತಿತು. ಮೊದಲ ರೋಗಿಯನ್ನು ಆರೈಕೆ ಮಾಡಿದ್ದ ಪೇರಾಂಬ್ರ ತಾಲೂಕು ಆಸ್ಪತ್ರೆಯ ನರ್ಸ್ ಲಿನಿ ಉಳಿಯಲಿಲ್ಲ. ರೋಗಕ್ಕೆ ಹೆಸರು ಸಿಗುವ ಮೊದಲೇ ಆರೈಕೆ ಮಾಡುವವರ ಮೂಗು ಬಾಯಿಗೆ ರಕ್ಷಣೆ ಇರಬೇಕೆಂದು ನಾನು ಎಲ್ಲರಿಗೂ ಹೇಳುವಾಗ ಆ ತಾಯಿ ನೆನಪಾಗುತ್ತಾಳೆ.

ನಮ್ಮ ಸೀಮೆಯಲ್ಲೇ ಇದಕ್ಕೊಂದು ಒಳ್ಳೆಯ ಉದಾಹರಣೆಯಿದೆ. 2022ರ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಯ ಮಾನ್ವಿ ತಾಲೂಕಿನಲ್ಲಿ ಝೀಕಾ ಸೋಂಕು ಪತ್ತೆಯಾಯಿತು. ಕರ್ನಾಟಕದಲ್ಲಿ ಅದೇ ಮೊದಲನೆಯದು. ಡೆಂಗಿಯೋ ಚಿಕುನ್‌ಗುನ್ಯಾವೋ ಎಂದು ನೋಡಲು ತೆಗೆದಿದ್ದ ಮಗುವೊಂದರ ರಕ್ತದ ಮಾದರಿ ಪುಣೆಗೂ ಹೋದದ್ದರಿಂದ ಅದು ಗೊತ್ತಾಯಿತು. ‘ಮಾಮೂಲಿ ಜ್ವರ’ ಎಂದು ಅಲ್ಲಿಗೇ ಬಿಟ್ಟಿದ್ದರೆ ತಿಳಿಯುತ್ತಲೇ ಇರಲಿಲ್ಲ.

ಎರಡನೆಯ ಹೆಜ್ಜೆ: ಹೇಳಿದವರಿಗೆ ನಷ್ಟವಾಗದಂತೆ ಮೊದಲೇ ಕರಾರು ಮಾಡಿಕೊಳ್ಳಿ

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಆದ್ದರಿಂದ ನಾನು ಮಾಡಿದ ತಪ್ಪನ್ನೇ ಮೊದಲು ಹೇಳುತ್ತೇನೆ.

2020ರ ಆಗಸ್ಟ್. ಕುಷ್ಟಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಜ್ವರ ಇದ್ದವರ ಹೆಸರು, ಓಣಿ, ಮನೆಯ ಯಜಮಾನನ ಹೆಸರನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ಸಭೆಗೆ ಹೋದೆ. ಹಾಳೆಯನ್ನು ಮೇಜಿನ ಮೇಲೆ ಇಟ್ಟು ಮಾತನಾಡುತ್ತಿದ್ದಾಗ ಯಾರೋ ಅದರ ಫೋಟೋ ತೆಗೆದರು. ಸಂಜೆಯೊಳಗೆ ಅದು ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲೆಲ್ಲ ಹರಿದಾಡಿತು. ಮರುದಿನ ಬೆಳಿಗ್ಗೆ ಆ ಪಟ್ಟಿಯಲ್ಲಿದ್ದ ಒಬ್ಬ ಹೆಣ್ಣುಮಗಳು ಕೊಡ ಹಿಡಿದು ನಳದ ಬಳಿಗೆ ಬಂದಾಗ, ಸಾಲಿನಲ್ಲಿದ್ದವರು ತಮ್ಮ ಕೊಡಗಳನ್ನು ಎತ್ತಿಕೊಂಡು ದೂರ ಸರಿದು ನಿಂತರು. ಕಿರಾಣಿ ಅಂಗಡಿಯವರು ಆಕೆಯ ಮಗನ ಕೈಯಿಂದ ನೋಟು ಮುಟ್ಟಲಿಲ್ಲ. ಎರಡು ಎಮ್ಮೆ ಇದ್ದ ಆ ಮನೆಯ ಹಾಲನ್ನು ಯಾರೂ ಕೊಳ್ಳಲಿಲ್ಲ. ಅಂದಿನಿಂದ ಹನ್ನೆರಡು ದಿನ ಆ ಊರಿನಲ್ಲಿ ಜ್ವರದ ಒಂದು ಹೆಸರೂ ನನ್ನ ದಾಖಲೆಗೆ ಬರಲಿಲ್ಲ. ಎಲ್ಲರೂ ಗುಣವಾದರು ಎಂದು ನಾನು ತಿಳಿದೆ. ಹನ್ನೆರಡನೆಯ ದಿನ ಮೆಡಿಕಲ್ ಅಂಗಡಿಯವರು ಬದಿಗೆ ಕರೆದು, ‘ಸರ್, ಪ್ಯಾರಾಸಿಟಮಾಲ್ ಎರಡು ಸಲ ತರಿಸಿದ್ದೇನೆ, ಎರಡೂ ಖಾಲಿಯಾದವು’ ಎಂದರು. ಮರುದಿನ ಒಂದೇ ಓಣಿಯ ಇಬ್ಬರನ್ನು ಏದುಸಿರು ಬಿಡುತ್ತಿದ್ದ ಸ್ಥಿತಿಯಲ್ಲಿ ಕೊಪ್ಪಳಕ್ಕೆ ಸಾಗಿಸಿದೆವು. ಅವರಲ್ಲಿ ಒಬ್ಬರು ಮರಳಲಿಲ್ಲ.

ಆ ಹಾಳೆಯನ್ನು ನಾನು ಮಡಚಿ ಜೇಬಿನಲ್ಲಿ ಇಟ್ಟುಕೊಂಡಿದ್ದರೆ ಸಾಕಾಗಿತ್ತು.

ಆದ್ದರಿಂದ ರೋಗ ಇಲ್ಲದ ಕಾಲದಲ್ಲೇ ಗ್ರಾಮ ಸಭೆಯಲ್ಲಿ ಈ ಕರಾರುಗಳನ್ನು ಠರಾವಾಗಿ ಬರೆಯಿಸಿ. ರೋಗಿಯ ಹೆಸರು ಆರೋಗ್ಯ ಸಿಬ್ಬಂದಿ ಮತ್ತು ಇಬ್ಬರು ಜವಾಬ್ದಾರರನ್ನು ಬಿಟ್ಟು ಮತ್ತೊಬ್ಬರ ಬಳಿಗೆ ಹೋಗಕೂಡದು. ಪಟ್ಟಿಯ ಫೋಟೋ ತೆಗೆಯಕೂಡದು. ಮನೆಯ ಬಾಗಿಲಿಗೆ ಗುರುತು ಹಚ್ಚಕೂಡದು. ಮನೆಯಲ್ಲಿ ಉಳಿದವರಿಗೆ ನೀರು, ಹಾಲು, ಕಿರಾಣಿ, ಪಡಿತರ ತಲುಪಿಸುವ ಇಬ್ಬರು ಯುವಕರ ಹೆಸರು ಪ್ರತಿ ಓಣಿಗೂ ನಿಗದಿಯಾಗಿರಬೇಕು. ದನಕರುಗಳಿಗೆ ಮೇವು ನೀರು ನೋಡುವವರು ಯಾರೆಂಬುದೂ ಬರೆದಿರಬೇಕು. ಇದನ್ನು ಸಣ್ಣ ಮಾತೆಂದು ತಿಳಿಯಬೇಡಿ. ಆಸ್ಪತ್ರೆಗೆ ಹೋಗಲು ಒಪ್ಪದ ಎಷ್ಟೋ ಜನರ ನಿಜವಾದ ಚಿಂತೆ ಅಂಕಣದಲ್ಲಿ ಕಟ್ಟಿದ ಎತ್ತುಗಳದ್ದಾಗಿರುತ್ತದೆ. ದಿನಗೂಲಿಯವರ ಮನೆಗೆ ಎರಡು ವಾರದ ಜೋಳ, ಅಕ್ಕಿ, ಬೇಳೆ, ಎಣ್ಣೆ ಕೊಡಲು ಊರಿನ ಒಂದು ಸಣ್ಣ ನಿಧಿ ಇರಲಿ. ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಎರಡು ಸೇರು ಜೋಳ ಎತ್ತಿ ದೇವಸ್ಥಾನದ ಕೋಣೆಯಲ್ಲಿ ಇಟ್ಟರೂ ಅದೇ ನಿಧಿ.

ಮೂರನೆಯ ಹೆಜ್ಜೆ: ಗಾಳಿ ಮತ್ತು ಬೇರೆ ಉಳಿಯುವ ಜಾಗ

ಉಸಿರಿನಿಂದ ಹರಡುವ ರೋಗಕ್ಕೆ ಗಾಳಿಯಾಡದ ಕೋಣೆಯಷ್ಟು ಒಳ್ಳೆಯ ಮನೆ ಬೇರಿಲ್ಲ. ನಮ್ಮ ಮಣ್ಣಿನ ಮಾಳಿಗೆ ಮನೆಗಳು ಬಿಸಿಲನ್ನು ತಡೆಯುತ್ತವೆ ನಿಜ, ಆದರೆ ಅವುಗಳಿಗೆ ಕಿಟಕಿಗಳು ಕಡಿಮೆ. ಇರುವ ಒಂದೆರಡು ಗವಾಕ್ಷಿಗಳನ್ನು ಮಳೆಗಾಲದಲ್ಲಿ ತಗಡಿನಿಂದ ಮುಚ್ಚಿ, ಆಮೇಲೆ ತೆಗೆಯಲು ಮರೆಯುತ್ತೇವೆ. ಈ ವಾರವೇ ಅವನ್ನು ತೆಗೆದು ನೋಡಿ. ಅಡುಗೆಮನೆಯ ಹೊಗೆ ಆ ಗವಾಕ್ಷಿಯಿಂದ ಹೊರಗೆ ಹೋಗುತ್ತಿದ್ದರೆ, ರೋಗಿಯ ಉಸಿರಿನ ಗಾಳಿಯೂ ಹೋಗುತ್ತದೆ ಎಂದು ತಿಳಿಯಿರಿ. ಎದುರು ಬದುರಾಗಿ ಎರಡು ಬಾಯಿ ತೆರೆದಿರುವ ಕೋಣೆ ಇದ್ದರೆ ರೋಗಿಯನ್ನು ಅಲ್ಲಿ ಇರಿಸಿ. ಫ್ಯಾನ್ ಹಾಕುವುದಾದರೆ ಅದರ ಗಾಳಿ ರೋಗಿಯ ಕಡೆಯಿಂದ ಹೊರಗಿನ ಬಾಗಿಲಿಗೆ ಹೋಗುವಂತಿರಲಿ, ಪಡಸಾಲೆಯ ಕಡೆಗೆ ಬೇಡ. ಬೇಸಿಗೆಯಲ್ಲಿ ನಾವು ಹೇಗೂ ಮಾಳಿಗೆಯ ಮೇಲೆ ಮಲಗುವವರು. ಆ ರೂಢಿ ಇಂಥ ಸಮಯದಲ್ಲಿ ದೊಡ್ಡ ಆಸರೆ.

ಒಂದೇ ಕೋಣೆಯ ಮನೆಯವರಿಗೆ ‘ಪ್ರತ್ಯೇಕವಾಗಿರಿ’ ಎಂದು ಹೇಳುವುದು ಬರಿಯ ಮಾತಾಗುತ್ತದೆ. ಅವರಿಗಾಗಿ ಊರಿನಲ್ಲೇ ಒಂದು ಜಾಗ ಗುರುತಿಸಿ: ಶಾಲೆಯ ಎರಡು ಕೋಣೆ, ಸಮುದಾಯ ಭವನ ಅಥವಾ ವಸತಿ ನಿಲಯ. ಬೀಗದ ಕೈ ಯಾರ ಬಳಿ ಇದೆ, ಶೌಚಾಲಯಕ್ಕೆ ನೀರು ಬರುತ್ತದೆಯೇ, ರಾತ್ರಿ ದೀಪ ಇದೆಯೇ, ಹೆಂಗಸರು ಉಳಿಯಲು ಒಳಗಿನಿಂದ ಚಿಲಕ ಇದೆಯೇ ಎಂದು ಕಣ್ಣಾರೆ ನೋಡಿ ವಹಿಯಲ್ಲಿ ಬರೆಯಿರಿ. 2020ರಲ್ಲಿ ಹಲವೆಡೆ ಕೋಣೆಗಳು ಸಿದ್ಧವಿದ್ದವು, ಆದರೆ ಹೆಣ್ಣುಮಕ್ಕಳು ಅಲ್ಲಿ ರಾತ್ರಿ ಕಳೆಯಲು ಹೆದರಿ ಕಾಯಿಲೆಯನ್ನೇ ಮುಚ್ಚಿಟ್ಟರು. ಹೊಲದಲ್ಲಿ ಪತ್ರಾಸಿನ ಶೆಡ್ಡೋ ಗುಡಿಸಲೋ ಇದ್ದವರು ಅಲ್ಲಿ ಉಳಿಯಬಹುದು; ಪ್ಲೇಗಿನ ಕಾಲದ ಉಪಾಯ ಇವತ್ತಿಗೂ ಕೆಟ್ಟದ್ದಲ್ಲ. ಆದರೆ ಒಬ್ಬರನ್ನೇ ಬಿಟ್ಟು ಬರಬೇಡಿ. ದಿನಕ್ಕೆ ಎರಡು ಸಲ ಮೈಕಾವು ಮತ್ತು ಆಮ್ಲಜನಕದ ಮಟ್ಟ ನೋಡುವವರು ಇರಲೇಬೇಕು.

ಆರೈಕೆಗೆ ಒಬ್ಬರೇ ನಿಲ್ಲಲಿ, ಸಾಧ್ಯವಾದರೆ ವಯಸ್ಸಾದವರೂ ಗರ್ಭಿಣಿಯರೂ ಅಲ್ಲದವರು. ಕೋಣೆಯೊಳಗೆ ಹೋಗುವಾಗ ಇಬ್ಬರೂ ಮಾಸ್ಕ್ ಹಾಕಲಿ. ಹೊರಬಂದ ಕೂಡಲೇ ಸಾಬೂನಿನಿಂದ ಕೈ ತೊಳೆಯಲಿ.

ನಾಲ್ಕನೆಯ ಹೆಜ್ಜೆ: ಕೂಡಿಡಬೇಕಾದ ಸಾಮಾನು

1994ರ ಸೆಪ್ಟೆಂಬರಿನಲ್ಲಿ ಸೂರತ್‌ನಲ್ಲಿ ಪ್ಲೇಗಿನ ಸುದ್ದಿ ಹಬ್ಬಿದಾಗ ಅಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಗುಳಿಗೆಗಳು ನೋಡನೋಡುತ್ತ ಖಾಲಿಯಾದವು. ಬೇಡದವರು ಕೊಂಡರು, ಬೇಕಾದವರಿಗೆ ಸಿಗಲಿಲ್ಲ. 2020ರ ಆರಂಭದಲ್ಲಿ ಮಾಸ್ಕಿನ ಕಥೆಯೂ ಅದೇ ಆಯಿತು. ಸಾಮಾನನ್ನು ಊರು ಒಟ್ಟಾಗಿ, ಮೊದಲೇ, ಹದವಾಗಿ ಇಟ್ಟುಕೊಂಡರೆ ಮನೆಮನೆಯವರು ಗಾಬರಿಯಿಂದ ಕೊಳ್ಳುವುದು ತಪ್ಪುತ್ತದೆ.

ನಮ್ಮ ಲೆಕ್ಕದ ಹಳ್ಳಿಗೆ ಆರು ಡಿಜಿಟಲ್ ಥರ್ಮಾಮೀಟರ್, ನಾಲ್ಕು ಪಲ್ಸ್ ಆಕ್ಸಿಮೀಟರ್ ಮತ್ತು ಅವುಗಳ ಬದಲಿ ಸೆಲ್ಲು, ಒಂದು ಬಿ.ಪಿ. ಯಂತ್ರ, ಇನ್ನೂರು ಓ.ಆರ್.ಎಸ್. ಪೊಟ್ಟಣ, ಪ್ಯಾರಾಸಿಟಮಾಲ್, ಆರೈಕೆ ಮಾಡುವವರಿಗೆ ಎನ್-95 ಮಾಸ್ಕು ಹಾಗೂ ಕೈಗವಸು, ಉಳಿದವರಿಗೆ ಮೂರು ಪದರದ ಮಾಸ್ಕು, ಸಾಬೂನು, ಬ್ಲೀಚಿಂಗ್ ಪೌಡರ್ ಇದ್ದರೆ ಮೊದಲ ಎರಡು ವಾರ ನಡೆಯುತ್ತದೆ. ಆಂಟಿಬಯಾಟಿಕ್, ಸ್ಟೆರಾಯ್ಡ್ ಗುಳಿಗೆಗಳನ್ನು ಕೂಡಿಡಬೇಡಿ. 2021ರಲ್ಲಿ ಮಿತಿಮೀರಿದ ಸ್ಟೆರಾಯ್ಡ್ ಮತ್ತು ಹಿಡಿತದಲ್ಲಿಲ್ಲದ ಸಕ್ಕರೆ ಕಾಯಿಲೆ ಸೇರಿ ಕಪ್ಪು ಶಿಲೀಂಧ್ರಕ್ಕೆ ದಾರಿ ಮಾಡಿಕೊಟ್ಟದ್ದನ್ನು ಕಂಡಿದ್ದೇವೆ.

ಜನ ಸಾಮಾನ್ಯವಾಗಿ ಮರೆಯುವುದು ಹಳೆಯ ಕಾಯಿಲೆಗಳ ಔಷಧಿಯನ್ನು. ಲಾಕ್‌ಡೌನಿನ ದಿನಗಳಲ್ಲಿ ಬಸ್ಸು ನಿಂತು, ಬಿ.ಪಿ., ಸಕ್ಕರೆ, ಫಿಟ್ಸ್, ಕ್ಷಯದ ಗುಳಿಗೆ ತಪ್ಪಿದವರಿಗೆ ಆದ ಹಾನಿ ಯಾವ ಪಟ್ಟಿಗೂ ಸೇರಲಿಲ್ಲ. ಅಂಥವರ ಮನೆಯಲ್ಲಿ ಯಾವಾಗಲೂ ಒಂದು ತಿಂಗಳ ಗುಳಿಗೆ ಹೆಚ್ಚಿಗೆ ಇರುವಂತೆ ಈಗಿನಿಂದಲೇ ರೂಢಿ ಮಾಡಿಸಿ. ಡಯಾಲಿಸಿಸ್‌ಗೆ ಹೋಗುವವರು, ಎಂಟನೆಯ ಒಂಬತ್ತನೆಯ ತಿಂಗಳ ಗರ್ಭಿಣಿಯರು ಯಾರು, ಅವರನ್ನು ಕರೆದೊಯ್ಯುವ ಗಾಡಿ ಯಾವುದು ಎಂಬುದು ವಹಿಯಲ್ಲಿ ಬೇರೆಯೇ ಪುಟದಲ್ಲಿರಲಿ.

ಬ್ಲೀಚಿಂಗ್ ಪೌಡರಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದನ್ನು ನಾವು ಸರಿಯಾಗಿ ಬಳಸುವುದು ಅಪರೂಪ. ಗಾಳಿ ಬೆಳಕು ತಾಗಿದರೆ ಅದರ ಕ್ಲೋರಿನ್ ಹಾರಿಹೋಗುತ್ತದೆ. ಪಂಚಾಯಿತಿಯ ಮೂಲೆಯಲ್ಲಿ ಬಾಯಿ ತೆರೆದು ವರ್ಷಗಟ್ಟಲೆ ಬಿದ್ದ ಚೀಲದಲ್ಲಿ ಉಳಿದಿರುವುದು ಸುಣ್ಣ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ನೆರಳಿನಲ್ಲಿ ಇಡಿ. ಮುಚ್ಚಳ ತೆಗೆದಾಗ ಮೂಗಿಗೆ ಘಾಟು ಬಡಿಯದಿದ್ದರೆ ಅದನ್ನು ನಂಬಬೇಡಿ. ಕುಡಿಯುವ ನೀರಿಗೆ ಸಾವಿರ ಲೀಟರಿಗೆ 2.5 ಗ್ರಾಂ, ಅಂದರೆ ಐವತ್ತು ಸಾವಿರ ಲೀಟರಿನ ಟ್ಯಾಂಕಿಗೆ 125 ಗ್ರಾಂ ಸಾಕು. ಅದನ್ನು ನೇರವಾಗಿ ಸುರಿಯಬಾರದು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಿ, ಒಂದು ಗಂಟೆ ಬಿಟ್ಟು ನೀರು ಬಿಡಬೇಕು. ಊರಿನ ಕೊನೆಯ ನಳದ ನೀರಿಗೆ, ಕ್ಲೋರಿನ್ ಪರೀಕ್ಷಿಸುವ ಓ.ಟಿ. ದ್ರಾವಣದ ಹನಿ ಹಾಕಿದಾಗ ತಿಳಿ ಹಳದಿ ಬಣ್ಣ ಬಂದರೆ ಕ್ಲೋರಿನ್ ಅಲ್ಲಿಯವರೆಗೆ ತಲುಪಿದೆ ಎಂದರ್ಥ. ನೆಲ, ಶೌಚಾಲಯ ಒರೆಸಲು ಒಂದು ಲೀಟರ್ ನೀರಿಗೆ 30 ಗ್ರಾಂ ಹಾಕಬೇಕು. ಆದರೆ ಮನುಷ್ಯರ ಮೈಮೇಲೆ ಅದನ್ನು ಸಿಂಪಡಿಸಬಾರದು. ಕಣ್ಣಿಗೂ ಶ್ವಾಸಕ್ಕೂ ಹಾನಿ. ಉಸಿರಿನ ರೋಗದ ಚರ್ಚೆಯಲ್ಲಿ ನೀರಿನ ಮಾತೇಕೆ ಎನ್ನುವವರು 2023ರ ಬೇಸಿಗೆಯ ಕೊನೆಯಲ್ಲಿ ಕನಕಗಿರಿ ತಾಲೂಕಿನ ಬಸರಿಹಾಳ, ಕುಷ್ಟಗಿ ತಾಲೂಕಿನ ಬಿಜಕಲ್‌ಗಳಲ್ಲಿ ವಾಂತಿಭೇದಿಯಿಂದ ಆದ ಸಾವುಗಳನ್ನು ನೆನೆಯಲಿ. ಮುಂದಿನ ರೋಗ ಯಾವ ದಾರಿಯಿಂದ ಬರುತ್ತದೆ ಎಂದು ಅದು ಮೊದಲೇ ಹೇಳಿ ಬರುವುದಿಲ್ಲ.

ಐದನೆಯ ಹೆಜ್ಜೆ: ಉಸಿರು, ಸಿಲಿಂಡರ್, ಗಾಡಿ

ಆಕ್ಸಿಮೀಟರನ್ನು ಬೆರಳಿಗೆ ಹಾಕುವ ಮೊದಲು ಉಗುರು ನೋಡಿ. ಗೋರಂಟಿಯೋ ಬಣ್ಣವೋ ಇದ್ದರೆ, ಕೈ ತಣ್ಣಗಿದ್ದರೆ ಅಂಕಿ ತಪ್ಪು ಬರಬಹುದು. ಅಂಗೈ ಉಜ್ಜಿ ಬೆಚ್ಚಗೆ ಮಾಡಿ, ಬಣ್ಣವಿಲ್ಲದ ಬೆರಳಿಗೆ ಹಾಕಿ, ಅಂಕಿ ಸ್ಥಿರವಾಗುವವರೆಗೆ ಕಾಯಿರಿ. 94ಕ್ಕಿಂತ ಕೆಳಗೆ ಇಳಿದರೆ ಆಸ್ಪತ್ರೆಗೆ ಹೊರಡಬೇಕು. ಕುಳಿತಾಗ ಸರಿಯಿದ್ದು, ಆರು ನಿಮಿಷ ನಡೆದಾಗ ಅಂಕಿ ಇಳಿದರೂ ಅದು ಎಚ್ಚರಿಕೆಯೇ. ಗಾಡಿ ಬರುವವರೆಗೆ, ಪ್ರಜ್ಞೆ ಇರುವ ರೋಗಿ ಹೊಟ್ಟೆಯ ಮೇಲೆ ಬೋರಲಾಗಿ ಮಲಗಿದರೆ ಉಸಿರಾಟ ಕೊಂಚ ಸುಲಭವಾಗುತ್ತದೆ. ತುಂಬು ಗರ್ಭಿಣಿಯರು ಹಾಗೆ ಮಲಗಬಾರದು.

ಆಮ್ಲಜನಕದ ಲೆಕ್ಕ ಎಲ್ಲರಿಗೂ ತಿಳಿದಿರಲಿ. ದೊಡ್ಡ ಜಂಬೋ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಅನಿಲ ಇರುತ್ತದೆ. ನಿಮಿಷಕ್ಕೆ 5 ಲೀಟರಿನಂತೆ ಕೊಟ್ಟರೆ ಅದು 1,400 ನಿಮಿಷ, ಎಂದರೆ ಒಂದು ದಿನಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ. 10 ಲೀಟರಾದರೆ ಹನ್ನೆರಡು ತಾಸು ಕೂಡ ಇಲ್ಲ. ಸುಮಾರು 1,500 ಲೀಟರಿನ ಸಣ್ಣ ಸಿಲಿಂಡರ್ 5 ಲೀಟರಿನ ಹರಿವಿನಲ್ಲಿ ಐದು ತಾಸು ಬರುತ್ತದೆ. ಊರಲ್ಲಿ ಒಂದು ಸಿಲಿಂಡರ್ ಇದೆ ಎಂಬ ಧೈರ್ಯದಲ್ಲಿ ರೋಗಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಏಕೆ ಅಪಾಯವೆಂದು ಈ ಲೆಕ್ಕವೇ ತಿಳಿಸುತ್ತದೆ. ಸಣ್ಣ ಸಿಲಿಂಡರ್ ಇರುವುದು ದಾರಿಗಾಗಿ. 2021ರ ಮೇ ತಿಂಗಳಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಬಳಿ, ಅಲ್ಲಿಯ ಆಮ್ಲಜನಕವನ್ನೇ ಬಳಸುವ ಸಾವಿರ ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಎದ್ದು ನಿಂತಿತು. ಕೊಪ್ಪಳದ ಗವಿಮಠ ತನ್ನ ಕಟ್ಟಡವನ್ನೇ ಕೋವಿಡ್ ಆಸ್ಪತ್ರೆಗೆ ಬಿಟ್ಟುಕೊಟ್ಟಿತು. ಅಂಥ ಕಡೆಗೆ ಹೊತ್ತಿಗೆ ಸರಿಯಾಗಿ ತಲುಪುವುದು ನಮ್ಮ ಕೈಯಲ್ಲಿದೆ.

ಆದ್ದರಿಂದ ಮೂರು ಗಾಡಿಗಳ ಮಾಲೀಕರೊಂದಿಗೆ ಮೊದಲೇ ಮಾತಾಗಿರಲಿ. 108 ಬರುವುದು ತಡವಾದರೆ ಅವರು ಹೊರಡಬೇಕು. ಬಾಡಿಗೆ ಎಷ್ಟೆಂಬುದೂ ಆಗಲೇ ಗೊತ್ತಾಗಿರಲಿ. ಚಾಲಕ ಮಾಸ್ಕ್ ಹಾಕಿ, ಗಾಡಿಯ ಗಾಜುಗಳನ್ನೆಲ್ಲ ಇಳಿಸಿ ಓಡಿಸಬೇಕು.

ಆರನೆಯ ಹೆಜ್ಜೆ: ಗುಳೆ ಹೋದವರು ಮರಳಿ ಬರುವ ದಿನ

ರಾಯಚೂರು, ಕೊಪ್ಪಳ ಜಿಲ್ಲೆಗಳಿಗೆ ಇದು ಬೇರೆಲ್ಲಿಗಿಂತಲೂ ಮುಖ್ಯವಾದ ಹೆಜ್ಜೆ. ರೋಗದ ಭಯ ಹುಟ್ಟಿದಾಗ ಕೂಲಿಕಾರರು ನಗರ ಬಿಟ್ಟು ಊರಿಗೆ ಓಡುತ್ತಾರೆ. 1994ರಲ್ಲಿ ಸೂರತ್‌ನಿಂದ ಲಕ್ಷಾಂತರ ಜನ ಹೊರಟರು. 2020ರಲ್ಲಿ ಬೆಂಗಳೂರು, ಮುಂಬಯಿ, ಪುಣೆ, ಗೋವೆಯಿಂದ ನಮ್ಮವರು ನಡೆದೂ ಬಂದರು. ಅವರನ್ನು ಅಗಸಿಯಲ್ಲೇ ತಡೆದು ಮುಳ್ಳು ಬಡಿದ ಊರುಗಳಿದ್ದವು. ಅಲ್ಲಿ ತಡೆಸಿಕೊಂಡವರು ರಾತ್ರಿ ಹೊಲದ ದಾರಿಯಿಂದ ಮನೆ ಸೇರಿದರು. ಯಾರು ಬಂದರು, ಯಾವಾಗ ಬಂದರು ಎಂಬುದೇ ತಿಳಿಯದಾಯಿತು.

ಅದಕ್ಕೆ ಬದಲಾಗಿ ಹೀಗೆ ಮಾಡಿ. ಗುಳೆ ಹೋದ ಪ್ರತಿ ಕುಟುಂಬದ ಜನಸಂಖ್ಯೆ, ಊರು, ಮೇಸ್ತ್ರಿಯ ಹೆಸರು, ಫೋನ್ ಸಂಖ್ಯೆಗಳನ್ನು ವಹಿಯಲ್ಲಿ ಬರೆಯಿರಿ. ಸುದ್ದಿ ಕೆಟ್ಟದಾಗಿ ಬರುತ್ತಿದ್ದಂತೆ ನೀವೇ ಫೋನ್ ಮಾಡಿ, ‘ಬರುವುದಾದರೆ ಬನ್ನಿ, ಜಾಗ ಇದೆ, ಬರುವ ದಿನ ತಿಳಿಸಿ’ ಎನ್ನಿ. ಬಂದವರಿಗೆ ಮೊದಲು ನೀರು, ಊಟ, ಸ್ನಾನ. ಆಮೇಲೆ ಮೈಕಾವು, ಲಕ್ಷಣಗಳ ವಿಚಾರಣೆ. ಬಳಿಕ ಆರೋಗ್ಯ ಇಲಾಖೆ ಹೇಳಿದಷ್ಟು ದಿನ ಬೇರೆ ವಾಸ. ಶಾಲೆಯ ಕೋಣೆ ತುಂಬಿದರೆ ಅವರವರ ಹೊಲದ ಗುಡಿಸಲು. ಮಕ್ಕಳಿಗೆ ಅಂಗನವಾಡಿಯ ಆಹಾರ ಅಲ್ಲಿಗೇ ಹೋಗಲಿ. ಮನೆಗೆ ಬಂದ ಮಗನನ್ನು ಹೆತ್ತವರು ಮುಚ್ಚಿಡಬೇಕಾದ ಸ್ಥಿತಿ ತರಬಾರದು.

1918ರ ಇನ್‌ಫ್ಲುಯೆಂಜಾ ಕೂಡ ಹಡಗಿನಲ್ಲಿ ಮುಂಬಯಿಗೆ ಬಂದು ರೈಲಿನಲ್ಲಿ ಒಳನಾಡಿಗೆ ಹರಡಿತು. ರಾಯಚೂರು 1871ರಿಂದಲೇ ಮುಂಬಯಿ-ಮದ್ರಾಸು ರೈಲುದಾರಿಗಳು ಕೂಡುವ ನಿಲ್ದಾಣ. ನಮ್ಮದು ದೂರದ ಮೂಲೆ, ಇಲ್ಲಿಗೆ ಏನೂ ಬರುವುದಿಲ್ಲ ಎಂಬ ಮಾತಿಗೆ ಆಧಾರವಿಲ್ಲ. ಭಾರತದಲ್ಲಿ ಕೋವಿಡ್ಡಿನಿಂದಾದ ಮೊದಲ ಸಾವು 2020ರ ಮಾರ್ಚ್ 10ರಂದು ಸಂಭವಿಸಿದ್ದು ಮುಂಬಯಿಯವರದ್ದೂ ಅಲ್ಲ, ದಿಲ್ಲಿಯವರದ್ದೂ ಅಲ್ಲ. ನಮ್ಮ ಕಲಬುರಗಿಯ ಹಿರಿಯರೊಬ್ಬರದು.

ಏಳನೆಯ ಹೆಜ್ಜೆ: ಮೊದಲ ಅಲೆ ಇಳಿದಾಗ ವಹಿಯನ್ನು ಮುಚ್ಚಬೇಡಿ

1918ರ ಜೂನಿನಲ್ಲಿ ಬಂದ ಜ್ವರ ಸೌಮ್ಯವಾಗಿತ್ತು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮರಳಿದ್ದು ಮಾರಿಯಾಗಿತ್ತು. ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರು, ಅವರಲ್ಲಿ ದುಡಿಯುವ ಹರೆಯದವರೇ ಬಹಳ. 2021ರ ಫೆಬ್ರವರಿಯಲ್ಲಿ ನಾವೂ ಕೋವಿಡ್ ಮುಗಿಯಿತೆಂದು ಮದುವೆ, ಜಾತ್ರೆಗಳಿಗೆ ತಯಾರಾದೆವು. ಏಪ್ರಿಲ್ ಮೇ ತಿಂಗಳುಗಳಲ್ಲಿ ಏನಾಯಿತೆಂದು ಯಾರಿಗೂ ಹೇಳಬೇಕಾಗಿಲ್ಲ. ಮೊದಲ ಅಲೆ ಇಳಿದ ತಿಂಗಳುಗಳು ಸಾಮಾನು ತುಂಬಿಸಿಕೊಳ್ಳುವ, ಲಸಿಕೆ ಹಾಕಿಸಿಕೊಳ್ಳುವ, ತಪ್ಪು ತಿದ್ದಿಕೊಳ್ಳುವ ಕಾಲ.

ಜಾತ್ರೆ, ಉರುಸು, ಸಂತೆಗಳ ನಿರ್ಧಾರವೂ ಇಲ್ಲಿಗೆ ಸೇರುತ್ತದೆ. ಯಾವ ಪರಿಸ್ಥಿತಿ ಬಂದರೆ ತೇರನ್ನು ನಾಲ್ಕು ಜನ ಪೂಜೆ ಮಾಡಿ ಮುಗಿಸಬೇಕು, ಅದನ್ನು ಯಾರು ಘೋಷಿಸಬೇಕು ಎಂದು ದೈವಸ್ಥರು ಶಾಂತ ಕಾಲದಲ್ಲೇ ಒಪ್ಪಿ ಬರೆದಿಡಲಿ. ಲಕ್ಷಾಂತರ ಜನ ಸೇರುವ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯನ್ನೇ ಕೋವಿಡ್ ವರ್ಷಗಳಲ್ಲಿ ಸರಳವಾಗಿ ನಡೆಸಿದರು, ಭಕ್ತಿಗೆ ಕುಂದಾಗಲಿಲ್ಲ. ಲಸಿಕೆಯ ವಿಷಯದಲ್ಲೂ ಹಾಗೆಯೇ. 2021ರಲ್ಲಿ ನಮ್ಮ ತಂಡ ಬಂದಿದೆ ಎಂದು ತಿಳಿದು ಹೊಲದ ದಾರಿ ಹಿಡಿದವರಿದ್ದರು. ಅವರನ್ನು ಬೆನ್ನಟ್ಟುವುದರಿಂದ ಒಬ್ಬರೂ ಬರಲಿಲ್ಲ. ಮಠದ ಅಯ್ಯನವರು, ಮಸೀದಿಯ ಹಜರತರು, ಓಣಿಯ ಸೂಲಗಿತ್ತಿ ಅಜ್ಜಿ ಕಟ್ಟೆಯ ಮೇಲೆ ಎಲ್ಲರೆದುರು ಚುಚ್ಚಿಸಿಕೊಂಡ ದಿನ ಸಾಲು ನಿಂತಿತು.

ಎಂಟನೆಯ ಹೆಜ್ಜೆ: ಕೋಳಿ ಶೆಡ್ಡು

ಹೊಸಪೇಟೆ, ಬಳ್ಳಾರಿ, ಕೊಪ್ಪಳದ ಸುತ್ತ ಕೋಳಿ ಸಾಕಣೆ ದೊಡ್ಡ ಉದ್ಯೋಗ. 2025ರ ಆರಂಭದಲ್ಲಿ ಸಂಡೂರು ತಾಲೂಕಿನ ಕುರೆಕುಪ್ಪದಲ್ಲಿ ಹಕ್ಕಿಜ್ವರ ಕಾಣಿಸಿತು. ಈ ವೈರಾಣು ಮನುಷ್ಯರಿಂದ ಮನುಷ್ಯರಿಗೆ ಸುಲಭವಾಗಿ ಹರಡುವುದನ್ನು ಇನ್ನೂ ಕಲಿತಿಲ್ಲ, ಕಲಿತರೆ ಕಷ್ಟ. ಶೆಡ್ಡಿನಲ್ಲಿ ಕೋಳಿಗಳು ಒಮ್ಮೆಲೇ ಸಾಯತೊಡಗಿದರೆ ಬರಿಗೈಯಿಂದ ಮುಟ್ಟಬೇಡಿ, ಹಳ್ಳಕ್ಕೆ ಎಸೆಯಬೇಡಿ, ಕಡಿಮೆ ಬೆಲೆಗೆ ಮಾರಬೇಡಿ. ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ತಿಳಿಸಿ. ರೋಗ ಖಚಿತವಾದರೆ ಸುತ್ತಲೂ ಒಂದು ಕಿಲೋಮೀಟರಿನವರೆಗಿನ ಕೋಳಿಗಳನ್ನು ಕೊಲ್ಲಲಾಗುತ್ತದೆ, ಹತ್ತು ಕಿಲೋಮೀಟರಿನವರೆಗೆ ಕಣ್ಣಿಡಲಾಗುತ್ತದೆ. ಸರಕಾರದ ಪರಿಹಾರ ಸಿಗುವುದು ಹಾಗೆ ಕೊಂದ ಕೋಳಿಗಳಿಗೆ, ಮೊದಲೇ ಸತ್ತವುಗಳಿಗೆ ಅಲ್ಲ. ಬೇಗ ಹೇಳಿದ ರೈತನಿಗೆ ನಷ್ಟ ಕಡಿಮೆ ಎಂಬುದನ್ನು ಪ್ರತಿ ಶೆಡ್ಡಿನ ಮಾಲೀಕರಿಗೂ ಬಿಡಿಸಿ ಹೇಳಬೇಕು.

ಒಂಬತ್ತನೆಯ ಹೆಜ್ಜೆ: ಮಣ್ಣು

ಈ ಪುಟವನ್ನು ಬರೆಯಲು ಯಾರಿಗೂ ಮನಸ್ಸಾಗುವುದಿಲ್ಲ, ಆದರೂ ಬರೆಯಬೇಕು. 2020ರ ಜೂನ್ ಕೊನೆಯಲ್ಲಿ ಬಳ್ಳಾರಿಯಲ್ಲಿ ಕೋವಿಡ್‌ನಿಂದ ಸತ್ತವರ ದೇಹಗಳನ್ನು ಒಂದೇ ಗುಂಡಿಗೆ ಎಸೆದ ದೃಶ್ಯವನ್ನು ನಾಡೆಲ್ಲ ನೋಡಿತು. ಜಿಲ್ಲಾಡಳಿತ ಕ್ಷಮೆ ಕೇಳಿತು. ಆದರೆ ಅದನ್ನು ಕಂಡ ಎಷ್ಟೋ ಮನೆಯವರು ‘ಸತ್ತರೆ ಮನೆಯಲ್ಲೇ ಸಾಯಲಿ’ ಎಂದು ರೋಗಿಗಳನ್ನು ಆಸ್ಪತ್ರೆಗೆ ಕಳಿಸಲು ಒಪ್ಪಲಿಲ್ಲ. ಸ್ಮಶಾನದ ಜಾಗ, ಕುಣಿ ತೋಡುವವರು, ಅವರ ಕೂಲಿ, ಅವರ ಕೈಗವಸು ಮಾಸ್ಕು, ದೂರದಿಂದಾದರೂ ಮುಖ ನೋಡಲು ಮನೆಯವರಿಗೆ ಅವಕಾಶ, ಆಯಾ ಸಮುದಾಯದ ಪದ್ಧತಿಯಂತೆ ಕೊನೆಯ ಮಂತ್ರವನ್ನೋ ದುವಾವನ್ನೋ ಹೇಳುವವರು ಇವೆಲ್ಲ ಮೊದಲೇ ಗೊತ್ತಾಗಿರಲಿ. ಮನೆಯವರು ನಂಬಿ ಕಳಿಸುವುದು ಗೌರವ ಸಿಗುತ್ತದೆ ಎಂಬ ಭರವಸೆ ಇದ್ದಾಗ.

ಹತ್ತನೆಯ ಹೆಜ್ಜೆ: ವರ್ಷಕ್ಕೊಮ್ಮೆ ತಾಲೀಮು

ಮೇ ತಿಂಗಳ ಕೊನೆಯ ವಾರ, ಮುಂಗಾರಿಗೆ ಗುಳೆಯವರು ಮರಳುವ ಹೊತ್ತಿಗೆ ಒಂದು ದಿನ ತೆಗೆದಿಡಿ. ಬೆಳಿಗ್ಗೆ ಏಳಕ್ಕೆ ಮೆಡಿಕಲ್ ಅಂಗಡಿಯವರು ‘ಐದು ಮನೆಗೆ ಜ್ವರದ ಗುಳಿಗೆ ಹೋಯಿತು’ ಎಂದು ಫೋನ್ ಮಾಡಿದರೆಂದು ಇಟ್ಟುಕೊಂಡು, ಅಲ್ಲಿಂದ ಒಂದೊಂದೇ ಕೆಲಸ ಮಾಡಿ ನೋಡಿ: ಆಶಾ ಮನೆಗೆ ತಲುಪಲು ಎಷ್ಟು ಹೊತ್ತಾಯಿತು, ಶಾಲೆಯ ಬೀಗದ ಕೈ ಸಿಕ್ಕಿತೇ, ಆಕ್ಸಿಮೀಟರಿನ ಸೆಲ್ಲು ನಡೆಯುತ್ತದೆಯೇ, ಸಿಲಿಂಡರಿನ ಮೀಟರ್ ಏನು ತೋರಿಸುತ್ತದೆ, ಗಾಡಿ ಆಸ್ಪತ್ರೆ ಮುಟ್ಟಲು ಎಷ್ಟು ನಿಮಿಷ, ಡಂಗುರದ ಮಾತು ಕೊನೆಯ ಓಣಿಗೆ ಕೇಳಿಸಿತೇ. ಸಂಜೆ ಎಲ್ಲರೂ ಕುಳಿತು, ಎಲ್ಲಿ ತಡವಾಯಿತೋ ಅದನ್ನು ಮಾತ್ರ ವಹಿಯಲ್ಲಿ ಬರೆಯಿರಿ. ಬದಲಾದ ಫೋನ್ ಸಂಖ್ಯೆಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಪಕ್ಕದಲ್ಲಿ ತಾರೀಕು ಹಾಕಿ.

ವಹಿಯನ್ನು ಪಂಚಾಯಿತಿಯ ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ; ರಜೆಯ ದಿನ ಜ್ವರ ಬಂದರೆ ಬೀರುವಿನ ಕೀಲಿ ತಾಲೂಕಿನಲ್ಲಿರುತ್ತದೆ. ಫೋನ್ ಸಂಖ್ಯೆ ಮತ್ತು ಸಾಮಾನಿನ ಪುಟಗಳ ಒಂದು ಪ್ರತಿ ಆಶಾ ಕಾರ್ಯಕರ್ತೆಯ ಮನೆಯಲ್ಲಿ, ಇನ್ನೊಂದು ನೀರು ಬಿಡುವವನ ಮನೆಯಲ್ಲಿ ಇರಲಿ. ರೋಗಿಗಳ ಹೆಸರು ಬರೆಯುವ ಪುಟ ಮಾತ್ರ ಒಂದೇ ಇರಲಿ, ಅದು ಆಶಾ ಬಳಿಯೇ ಉಳಿಯಲಿ, ಮಡಚಿ.